ದೊಡ್ಡಮಟ್ಟಿ ನೆತ್ತಿಯ ಹವಾಮಾನ

ನನಗೆ ಸಿಟ್ಟು ಜಾಸ್ತಿ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ಹೇಳುತ್ತಾರಂತೆ. ನನ್ನೆದುರಿಗೆ ಮಾತ್ರ ಯಾರೂ ಹೇಳುವುದಿಲ್ಲ, ಅದೂ ನನಗೆ ಸಿಟ್ಟು ತರಿಸುತ್ತದೆ. ಬಸ್ಸು ತಡವಾದರೆ ಸಿಟ್ಟು, ಬೇಗ ಬಂದು ನನ್ನನ್ನು ಬಿಟ್ಟು ಹೋದರೆ ಇನ್ನೂ ಸಿಟ್ಟು. ಹೊಸದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಯಜಮಾನರು ಒಗ್ಗರಣೆಯ ಸದ್ದು ಕೇಳಿಯೇ ಅಂದು ಶಾಲೆಯಲ್ಲಿ ಏನೋ ಆಗಿದೆಯೆಂದು ಅಂದಾಜು ಮಾಡಿ, ಸಾರಿಗೆ ಉಪ್ಪು ಸಾಲದಿದ್ದರೂ ಸುಮ್ಮನೆ ಉಂಡು ಏಳುತ್ತಾರೆ. ಅವರು ಹಾಗೆ ಸುಮ್ಮನೆ ಉಣ್ಣುವುದನ್ನು ಕಂಡರಂತೂ... ಇರಲಿ. ಈ ಸಿಟ್ಟಿನಲ್ಲೇ ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಅದರಲ್ಲೂ ಭೂಗೋಳವೆಂದರೆ ನನಗೆ ಬಲು ಹೆಮ್ಮೆ. ಹಿಮಾಲಯದ ಶಿಖರಗಳನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಸಾಲಾಗಿ ಬರೆಯಬಲ್ಲೆ. ಯಾವುದನ್ನಾದರೂ ಹತ್ತಿದ್ದೀರಾ ಎಂದು ಮಾತ್ರ ಕೇಳಬೇಡಿ. ಚಿತ್ರದುರ್ಗದ ಕೋಟೆಯನ್ನೇ ಅರ್ಧ ಹತ್ತಿ, ಮಂಡಿನೋವೆಂದು ಕಡಲೆಕಾಯಿ ತಿನ್ನುತ್ತಾ ಕುಳಿತವಳು ನಾನು.

ಕಳೆದ ಚಳಿಗಾಲದಲ್ಲಿ ಒಂಬತ್ತನೇ ತರಗತಿಗೆ ಒಂದು ಕಿರುಪರೀಕ್ಷೆ ಕೊಟ್ಟೆ. 'ಎತ್ತರಕ್ಕೆ ಹೋದಂತೆ ಉಷ್ಣಾಂಶ ಏನಾಗುತ್ತದೆ?' ಒಂದೇ ಅಂಕದ ಪ್ರಶ್ನೆ. ಇಡೀ ತರಗತಿ 'ಕಡಿಮೆಯಾಗುತ್ತದೆ' ಎಂದು ಬರೆದಿತ್ತು. ಭಾಗ್ಯ ಎಂಬ ಹುಡುಗಿಯೊಬ್ಬಳು ಮಾತ್ರ, 'ಹಗಲಿನಲ್ಲಿ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಗಾಳಿ ಇಲ್ಲದ ಬೆಳಗಿನ ಜಾವ ಜಾಸ್ತಿಯಾಗುತ್ತದೆ' ಎಂದು ಬರೆದಿದ್ದಳು. ಹಾಳೆ ಹರಿಯುವಂತೆ ಸೊನ್ನೆ ಸುತ್ತಿ, ಇದನ್ನು ಯಾವ ಪುಸ್ತಕದಲ್ಲಿ ಓದಿದೆ ಎಂದು ಎಬ್ಬಿಸಿ ಕೇಳಿದೆ.

"ಓದಿಲ್ಲ ಮಿಸ್. ನಮ್ಮನೆ ದೊಡ್ಡಮಟ್ಟಿ ಮ್ಯಾಲೈತೆ. ಬೆಳಗ್ಗೆ ಸ್ವೆಟರ್ ಕೈಯಾಗ್ ಹಿಡ್ಕಂಡು ಹೊರಡ್ತೀನಿ. ಕೆಳಗ್ ಬಂದ್ ಮೇಲೆ ಚಳಿ ಹತ್ತುತ್ತೆ, ಆವಾಗ ಹಾಕ್ಕಂತೀನಿ."

ತರಗತಿ ನಕ್ಕಿತು. ಮಕ್ಕಳು ನಕ್ಕದ್ದು ಅವಳನ್ನು ನೋಡಿಯೋ ನನ್ನನ್ನು ನೋಡಿಯೋ ತಿಳಿಯದೆ ನನ್ನ ಪಿತ್ತ ನೆತ್ತಿಗೇರಿತು. "ಹಂಗಾದ್ರೆ ಎವರೆಸ್ಟ್ ಹತ್ತೋರು ಬೀಸಣಿಗೆ ತಗೊಂಡು ಹೋಗ್ಬೇಕೇನೇ? ಸುಳ್ಳು ಹೇಳೋದು ಬೇರೆ ಕಲ್ತಿದೀಯ" ಎಂದು ಗದರಿ, ಬಾಗಿಲ ಹೊರಗೆ ನಿಲ್ಲಿಸಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನ್ನ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತು.

ದೊಡ್ಡಮಟ್ಟಿ ನಮ್ಮೂರಿನಿಂದ ಕಾಣುವ ಬೋಳು ಗುಡ್ಡ. ಬಂಡೆ, ಒಣ ಹುಲ್ಲು, ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು. ಜನ ಅವನ್ನು ಫ್ಯಾನು ಎನ್ನುತ್ತಾರೆ. ಅಲ್ಲಿಗೆ ಬಸ್ಸಿಲ್ಲ, ಕುಡಿಯುವ ನೀರೂ ಟ್ರ್ಯಾಕ್ಟರಿನಲ್ಲೇ ಹತ್ತಬೇಕು. ಆ ಫ್ಯಾನುಗಳನ್ನು ಕಾಯುವ ಮಲ್ಲಪ್ಪ ಭಾಗ್ಯಳ ತಂದೆ. ಎರಡು ದಿನ ಬಿಟ್ಟು ಆತ ಶಾಲೆಗೆ ಬಂದು, ಹೆಡ್‌ಮಾಸ್ಟರ ಕೋಣೆಯಲ್ಲಿ ಹೆಗಲ ಟವೆಲು ಕೈಗೆ ತೆಗೆದುಕೊಂಡು ನಿಂತ.

"ತಪ್ಪು ಬರ್ದಿದ್ರೆ ಸೊನ್ನೆ ಹಾಕ್ರಿ ಮೇಡಂ, ಬ್ಯಾಡ ಅನ್ನಲ್ಲ. ಸುಳ್ಳುಗಾತಿ ಅಂದ್ರಂತಲ್ಲ, ಅದಕ್ಕೆ ಮಗು ನೆಟ್ಟಗೆ ಉಂಡಿಲ್ಲ, ಶಾಲಿಗೂ ಹೋಗಲ್ಲ ಅಂತೈತೆ. ಒಂದಿನ ಬೆಳಗ್ಗೆ ನೀವೇ ಬಂದು ನೋಡ್ರಿ."

"ಒಂದ್ ಮಾರ್ಕಿಗೆ ಯಾಕ್ರಿ ಮೇಡಂ ಇಷ್ಟೆಲ್ಲಾ, ಕೊಟ್ಬಿಡ್ರಿ" ಎಂದರು ಹೆಡ್‌ಮಾಸ್ಟರು. ಅವರು ಹಾಗೆನ್ನದಿದ್ದರೆ ಬಹುಶಃ ಕೊಟ್ಟುಬಿಡುತ್ತಿದ್ದೆ. "ಬರ್ತೀನಿ. ಲ್ಯಾಬಿನ ಥರ್ಮಾಮೀಟರ್ ತಗೊಂಡೇ ಬರ್ತೀನಿ" ಎಂದೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಯಜಮಾನರ ಸ್ಕೂಟರಿನ ಹಿಂದೆ ಕುಳಿತು ಹೊರಟೆ. "ಒಂದ್ ಮಾರ್ಕ್ ಕೊಟ್ಟು ಮಲಗಾದಲ್ವೇನೇ" ಎಂದು ಅವರು ಗೊಣಗಿದರು. ಗುಡ್ಡದ ಬುಡದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಚಕ್ರ ಕಾಣುತ್ತಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿಯೇ ಥರ್ಮಾಮೀಟರು ಹಿಡಿದು ನೋಡಿ, ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಬುಡದಲ್ಲೇ ಹೀಗಿದ್ದರೆ ಮೇಲೆ ಆ ಮಲ್ಲಪ್ಪನಿಗೆ ಕಾದಿದೆ ಎಂದು ಒಳಗೊಳಗೇ ಖುಷಿಪಟ್ಟೆ. ಮಣ್ಣಿನ ದಾರಿಯಲ್ಲಿ ಅರ್ಧ ಏರಿರಬೇಕು, ಮಂಜು ತಟ್ಟನೆ ಮುಗಿಯಿತು. ಮುಖಕ್ಕೆ ಅಡುಗೆಮನೆಯ ಬಾಗಿಲು ತೆಗೆದಂಥ ಬೆಚ್ಚನೆ ಗಾಳಿ ಸೋಕಿತು. ನನ್ನ ಸಿಟ್ಟಿನ ಕಾವಿರಬೇಕು ಎಂದುಕೊಂಡೆ. ಇನ್ನೆರಡು ತಿರುವಿಗೆ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡೆ. ನೆತ್ತಿಯಲ್ಲಿ ಫ್ಯಾನುಗಳೆಲ್ಲ ಕೈಚಾಚಿ ಅಲ್ಲಾಡದೆ ನಿಂತಿದ್ದವು. ಕೆಳಗೆ ಹೊಸದುರ್ಗವೇ ಇರಲಿಲ್ಲ, ಬರೀ ಮಂಜು. ಥರ್ಮಾಮೀಟರು ಹಿಡಿದು ಕಾದೆ. ಬುಡಕ್ಕಿಂತ ನಾಲ್ಕು ಗೆರೆ ಮೇಲಿತ್ತು! ಜೋರಾಗಿ ಕೊಡವಿದೆ.

"ಅದು ಜ್ವರ ನೋಡೋದಲ್ಲ ಕಣೇ" ಎಂದರು ಯಜಮಾನರು. ಮದುವೆಯಾದ ಮೇಲೆ ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ.

ಮಲ್ಲಪ್ಪ ನಗಲಿಲ್ಲ. ಬಂಡೆಯ ಮೇಲೆ ಗೋಣಿಚೀಲ ಹಾಸಿ, "ಕುಂತ್ಕಳ್ರಿ ಮೇಡಂ" ಎಂದ. "ಗಾಳಿ ಎದ್ದ ದಿನ ಇಲ್ಲಿ ನಿಲ್ಲಾಕಾಗಲ್ಲ, ನೀವ್ ಹೇಳಿದಂಗೆ ಚಳಿನೇ. ಫ್ಯಾನ್ ನಿಂತ ದಿನ ಬ್ಯಾರೆ. ಚಳಿ ಅಂದ್ರೆ ನೀರಿದ್ದಂಗೆ. ರಾತ್ರಿಯೆಲ್ಲ ಹರ್ಕಂಡ್ ಹೋಗಿ ತಗ್ಗಿನಾಗೆ ನಿಂತ್ಕಂತೈತೆ."

ಬಿ.ಎಡ್. ಓದಿ ಹತ್ತೊಂಬತ್ತು ವರ್ಷ ಸೀಮೆಸುಣ್ಣ ಸವೆಸಿದ ನಾನು ಒಂದು ದಿನವೂ ಇಷ್ಟು ಸಲೀಸಾಗಿ ಪಾಠ ಹೇಳಿರಲಿಲ್ಲ. ಅದಕ್ಕೂ ಸಿಟ್ಟು ಬಂತು. ಭಾಗ್ಯ ಸ್ವೆಟರಿಲ್ಲದೆ, ಬರಿಗಾಲಲ್ಲಿ ಟೀ ತಂದುಕೊಟ್ಟಳು. 'ತಪ್ಪಾಯಿತಮ್ಮ' ಎನ್ನಲು ಬಾಯಿ ತೆರೆದೆ. "ಸಕ್ಕರೆ ಜಾಸ್ತಿಯಾಯ್ತು" ಎಂಬುದು ಹೊರಬಂತು.

ಆದರೆ ಸೋಮವಾರ ತರಗತಿಯಲ್ಲಿ, ಮನೆಯಿಂದ ಶಾಲೆಯವರೆಗೆ ಅಭ್ಯಾಸ ಮಾಡಿಕೊಂಡು ಬಂದಿದ್ದರಿಂದ, ಹೇಳಿಬಿಟ್ಟೆ. "ಭಾಗ್ಯ ಬರೆದದ್ದು ಸರಿ. ಅವಳು ಸುಳ್ಳು ಹೇಳಿಲ್ಲ. ನಾನು ಅಂದದ್ದು ತಪ್ಪು." ಸೊನ್ನೆಯನ್ನು ಹೊಡೆದುಹಾಕಿ ಒಂದು ಅಂಕ ಕೊಟ್ಟೆ. ಮಕ್ಕಳು ಮುಂದೆ ಇನ್ನೇನು ಕಾದಿದೆಯೋ ಎಂದು ಹೆದರಿ ಉಸಿರು ಬಿಗಿಹಿಡಿದು ಕುಳಿತಿದ್ದವು. ಗಂಟೆ ಹೊಡೆದ ಮೇಲೆ ಭಾಗ್ಯ ಮೇಜಿನ ಹತ್ತಿರ ಬಂದಳು. ಮುಖ ಅರಳಿತ್ತು.

"ಮಿಸ್, ಮುಂದಿನ ವರ್ಷ ದೊಡ್ಡ ಪರೀಕ್ಷೆಲಿ ಇದೇ ಕೇಳಿದ್ರೆ ಯಾವ್ದು ಬರೀಲಿ?"

ಅವಳ ಉತ್ತರಪತ್ರಿಕೆ ಯಾವ ಊರಿಗೆ ಹೋಗುತ್ತದೋ, ನನ್ನಂಥವಳೇ ಯಾವಳ ಕೈಗೆ ಸಿಗುತ್ತದೋ. ನೆಲ ನೋಡುತ್ತಾ ಹೇಳಿದೆ: "ಕಡಿಮೆಯಾಗುತ್ತದೆ ಅಂತಲೇ ಬರಿಯಮ್ಮ."

ಅವಳಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. "ಆಯ್ತು ಬಿಡ್ರಿ ಮಿಸ್" ಎಂದು ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು. "ಪಾಪ, ಪೇಪರ್ ತಿದ್ದೋರು ನಮ್ ಮಟ್ಟಿ ನೋಡಿಲ್ವಲ್ಲ."

ಅವಳು ಹೋದ ಮೇಲೆ ನನಗೆ ಎಂದೂ ಬಾರದಷ್ಟು ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳೋಣವೆಂದು ಸುತ್ತ ನೋಡಿದರೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.