ಟೈರು ಓದುವ ನಮ್ಮ ಮಾವ

ನನ್ನ ಸೋದರಮಾವ ಓದಿದ್ದು ಏಳನೇ ಕ್ಲಾಸು. ಆದರೆ ಟೈರು ಓದುವುದರಲ್ಲಿ ಅವರನ್ನು ಮೀರಿಸುವವರು ಇಡೀ ಹುಣಸೂರು ತಾಲ್ಲೂಕಿನಲ್ಲೇ ಇಲ್ಲ! ಪೇಪರಿಗೆ ಕನ್ನಡಕ ಹುಡುಕುವ ಈ ಮನುಷ್ಯ, ಕೆಸರು ಮೆತ್ತಿದ ಲಾರಿ ಟೈರನ್ನು ಪಂಚೆಯ ತುದಿಯಿಂದ ಒರೆಸಿ, ಅದು ಎಷ್ಟು ಭಾರ ಹೊರುತ್ತದೆಂದು ಓದಿ ಹೇಳಿಬಿಡುತ್ತಾರೆ.

ನನ್ನ ತಂಗಿಯನ್ನು ನೋಡಲು ಕೆ.ಆರ್. ನಗರದ ಕಡೆಯ ಶುಂಠಿ ವ್ಯಾಪಾರದವರು ಬಂದಿದ್ದರು. ಒಳಗೆ ಉಪ್ಪಿಟ್ಟು, ಕಾಫಿ, ಮಾತುಕತೆ. ಮಾವ ಎಲ್ಲಿ? ಬೀದಿಯಲ್ಲಿ, ಅವರ ಗೂಡ್ಸ್ ಗಾಡಿಯ ಚಕ್ರದ ಮುಂದೆ ಕುಕ್ಕರುಗಾಲಲ್ಲಿ! ಎದ್ದು ಬಂದವರೇ ಅವ್ವನ ಕಿವಿಯಲ್ಲಿ ತೀರ್ಪು ಕೊಟ್ಟರು: "ಲೋಡಿಗೆ ತಕ್ಕ ಟೈರು ಹಾಕವ್ರೆ ಕಣಕ್ಕ. ಮಗೀನ ಚೆಂದಾಗಿ ನೋಡ್ಕತಾರೆ, ಕೊಟ್ಬುಡು." ಜಾತಕ ನೋಡಿದ್ದು ಆಮೇಲೆ.

ಇನ್ನೊಮ್ಮೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಮೂಟೆ ತುಂಬುತ್ತಿದ್ದ ಒಬ್ಬ ಡ್ರೈವರ್ ಮಾವನ ಕೈಗೆ ಸಿಕ್ಕಿಬಿದ್ದ. "ನೂರು ಅಂತ ಬರ್ದದೆ. ನೂರೇ ಕೆಜಿನಾ ಯಜಮಾನ್ರೇ?"

"ಅದು ಬರೀ ಗುರ್ತು ಕಣ್ಲಾ. ನೂರು ಅಂದ್ರೆ ಟೈರು ಒಂದಕ್ಕೆ ಎಂಟ್ನೂರು ಕೆಜಿ. ಅದೂ ಗಾಳಿ ಸರ್ಯಾಗಿದ್ರೆ!"

"ಅಂಗಾರೆ ನಾಕಕ್ಕೆ ಮೂರು ಸಾವ್ರದ ಇನ್ನೂರು ಕೆಜಿ. ಅಷ್ಟಕ್ಕೂ ಮೂಟೆ ತುಂಬ್ಲಾ?"

"ಗಾಡಿದೇ ತೂಕ ಅದಲ್ಲ, ಅದ್ನ ಯಾರು ಒರ್ತಾರೆ, ನಿಮ್ಮಪ್ಪನಾ?"

ಎರಡು ಮೂಟೆ ಇಳಿಸಿದ ಮೇಲೇ ಅವನಿಗೆ ಬಿಡುಗಡೆ.

ಮದುವೆ ಆಯಿತು. ಗಂಡಿನ ಮನೆಯ ಬೀಗರೂಟಕ್ಕೆ ನಮ್ಮ ಕಡೆಯವರೆಲ್ಲ ನಮ್ಮೂರು ಗಾವಡಗೆರೆಯಿಂದ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹೊರಟೆವು. ಹೆಣ್ಣಿನ ಸೋದರಮಾವ ಕೂರದೆ ಎಲೆ ಹಾಕುವಂತಿಲ್ಲ. ಅಂಥ ಮುಖ್ಯ ಮನುಷ್ಯ ಟ್ರೇಲರ್ ಕೆಳಗೆ ತಲೆ ತೂರಿಸಿದ್ದರು!

"ಮೂರು ಟೈರು ಸರ್ಯಾಗವೆ. ನಾಕನೇದು ಯಾವನೋ ಕಮ್ಮಿ ಲೋಡಿಂದು ಸಿಗಾಕವ್ನೆ. ಅದು ತಡ್ಕಳೋವಷ್ಟೇ ಜನ ಕೂರ್ಬೇಕು. ಇಳೀರಿ!"

ಹತ್ತು ಜನ ಗೊಣಗುತ್ತ ಇಳಿದು ಬಸ್‌ಸ್ಟಾಪಿಗೆ ನಡೆದರು. ಮಾವನಿಗೆ ಸಮಾಧಾನವಿಲ್ಲ. ಮತ್ತೊಮ್ಮೆ ಟೈರು ಸವರಿ, "ನನ್ ತೂಕಾನೂ ಕಮ್ಮಿ ಆಗ್ಲಿ. ನಾನೂ ಬಸ್ಸಲ್ಲೇ ಬತ್ತೀನಿ, ನೀವು ಒರಡಿ" ಅಂದರು.

ಅವ್ವನಿಗೆ ರೇಗಿತು. "ಬೀಗರ ಮುಂದೆ ಮಾನ ಕಳೀತೀಯಲ್ಲೋ! ನೀನು ಬರೋಗಂಟ ಅವ್ರು ಎಲೆ ಹಾಕ್ದೆ ಕಾಯ್ಬೇಕಾ? ಒಂದು ಟೈರಿಗೆ ಇಷ್ಟೊಂದು ಎದರ್ತಾರಾ?"

ಮದುವೆಯೇ ಆಗದ ಮಾವ ಟ್ರೇಲರ್ ತುಂಬ ಕೂತವರನ್ನು ಒಮ್ಮೆ ನೋಡಿದರು.

"ನಂಗೆ ಅಂತ ಇರೋರೆಲ್ಲ ಒಂದೇ ಗಾಡೀಲಿ ಕೂತವ್ರಲ್ಲಕ್ಕ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಧಾನಕ್ಕೆ ಓಡ್ಸಪ್ಪ" ಎಂದು ಡ್ರೈವರಿಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಕೆಳಗೆ ಧುಮುಕಿ, ಮಾವನ ಕೈ ಹಿಡಿದುಕೊಂಡು ಬಸ್‌ಸ್ಟಾಪಿನ ಕಡೆ ನಡೆದೆ.