ನಾನು ತಿದ್ದಿದ ಎದೆಗೂಡು

ಮಾಡಿದ ತಪ್ಪುಗಳಿಗಿಂತ, ಮಾಡದ ತಪ್ಪನ್ನು ತಿದ್ದಲು ಹೋಗಿ ನಾನು ಹೆಚ್ಚು ಕೆಟ್ಟಿದ್ದೇನೆ. ಜೇವರ್ಗಿಯ ಖಾಸಗಿ ದವಾಖಾನೆಯೊಂದರಲ್ಲಿ ಎಕ್ಸ್-ರೇ ತೆಗೆಯುವುದು ನನ್ನ ಕೆಲಸ. ಜನರ ಒಳಗನ್ನೇ ನೋಡುವವನೆಂದು ಮದುವೆಮನೆಗಳಲ್ಲಿ ಸ್ವಲ್ಪ ಬೀಗುತ್ತಿದ್ದುದೂ ಉಂಟು. ತೊಂಬತ್ತರ ದಶಕದ ನಡುವೆ ನಮ್ಮ ಡಾಕ್ಟರರು ಹೊಸ ಇಸಿಜಿ ಯಂತ್ರ ತಂದರು. ಹಳೆಯದು ಬರೀ ಗೆರೆ ಎಳೆಯುತ್ತಿತ್ತು. ಇದರೊಳಗೆ ಪುಟ್ಟ ಕಂಪ್ಯೂಟರ್ ಇತ್ತು. ಮೈಗೆ ಹಚ್ಚಿದ ತಂತಿಗಳಿಂದ ಬಂದದ್ದನ್ನು ತಾನೇ ಓದಿ, ಕಾಗದದ ಮೇಲೆ ಅಭಿಪ್ರಾಯವನ್ನೂ ಬರೆಯುತ್ತಿತ್ತು. ಅಲ್ಲಿ ನನ್ನ ಅಭಿಪ್ರಾಯವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೀಗಾಗಿ ಮೊದಲ ದಿನದಿಂದಲೇ ನಮ್ಮಿಬ್ಬರಿಗೆ ಆಗಿಬರಲಿಲ್ಲ.

ಒಂದು ಬೆಳಿಗ್ಗೆ ಇಜೇರಿಯಿಂದ ಶರಣಮ್ಮ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಎರಡು ದಿನದಿಂದ ಜ್ವರ, ಕೆಳಹೊಟ್ಟೆಯ ಎಡಬದಿಯಲ್ಲಿ ನೋವು. ಅಪೆಂಡಿಕ್ಸ್ ಎನ್ನೋಣವೆಂದರೆ ಅದಿರುವುದು ಬಲಕ್ಕೆ. ಆಪರೇಷನ್ ಬೇಕಾಗಲೂಬಹುದೆಂದು ಡಾಕ್ಟರರು ಎದೆಯ ಎಕ್ಸ್-ರೇ, ಇಸಿಜಿ ಎರಡನ್ನೂ ತೆಗೆಯಲು ಹೇಳಿದರು.

ಎಡಗೈ ಬಲಗೈ ತಂತಿ ಅದಲುಬದಲಾಗಿರಬಹುದು, ಪರೀಕ್ಷಿಸಿ ಎಂದು ಯಂತ್ರ ಬರೆಯಿತು. ತಂತಿಗಳು ಸರಿಯಾಗಿಯೇ ಇದ್ದವು. ಅದರೊಡನೆ ವಾದ ಯಾಕೆಂದು ಆ ಕಾಗದವನ್ನು ಮುದುಡಿ ಜೇಬಿಗಿಟ್ಟು, ತಂತಿ ಬದಲಾಯಿಸಿ ಮತ್ತೆ ತೆಗೆದೆ. ಯಂತ್ರ ಸುಮ್ಮನಾಯಿತು. ಆಮೇಲೆ ಫಿಲ್ಮು ತೊಳೆದು ನೋಡಿದರೆ ಎಡವೆಂದು ತೋರಿಸುವ ಅಕ್ಷರ ಒಂದು ಕಡೆ, ಹೃದಯ ಇನ್ನೊಂದು ಕಡೆ. ಅಕ್ಷರವನ್ನು ನಾನೇ ತಪ್ಪಿ ಇಟ್ಟಿರಬೇಕೆಂದುಕೊಂಡು, ಅದರ ಮೇಲೆ ಹೆಸರಿನ ಚೀಟಿ ಅಂಟಿಸಿ, ಹೃದಯ ಎಡಕ್ಕೆ ಬರುವಂತೆ ಫಿಲ್ಮನ್ನು ತಿರುವಿ ದೀಪದ ಪೆಟ್ಟಿಗೆಗೆ ಹಾಕಿದೆ.

ಡಾಕ್ಟರರು ಎರಡನ್ನೂ ನೋಡಿ, "ಎದಿ ಬರೋಬ್ಬರಿ ಅದ. ಹೊಟ್ಟ್ಯಾಗ ಹರಳ ಇರಬೇಕು. ಗುಳಗಿ ಕೊಡ್ತೇನಿ, ನಾಳೆ ಬರ್ರಿ" ಎಂದು ಕೊನೆಗೊಮ್ಮೆ ಸ್ಟೆತಸ್ಕೋಪನ್ನು ಎದೆಯ ಎಡಕ್ಕೆ ಇಟ್ಟರು. ಶರಣಮ್ಮ ಅದನ್ನು ಮೆಲ್ಲಗೆ ಸರಿಸಿದರು. "ಅಲ್ಲಿ ಅಲ್ರಿ ಸಾಹೇಬ್ರ. ನಂದು ಈ ಕಡಿ ಬಡೀತದ."

ಡಾಕ್ಟರರು ಬಲಗಡೆ ಇಟ್ಟು ಬಹಳ ಹೊತ್ತು ಕೇಳಿದರು. ನಂತರ ನನ್ನತ್ತ ತಿರುಗಿದರು. "ಲೇ, ಈ ಫೋಟೋ ಹೆಂಗ ಇತ್ತೋ ಹಂಗ ಹಾಕೀಯೇನು?"

ನಾನು ಒಪ್ಪಿಕೊಂಡೆ: "ಇಲ್ರಿ ಸಾಹೇಬ್ರ, ತಿರುವಿ ಹಾಕೇನ್ರಿ. ತಂತೀನೂ ಬದಲ್ ಮಾಡೇನ್ರಿ."

ಜೇಬಿನಲ್ಲಿದ್ದ ಕಾಗದ ಹೊರಬಂತು, ಚೀಟಿ ಕಿತ್ತ ಮೇಲೆ ಫಿಲ್ಮು ಮೊದಲಿನಂತಾಯಿತು. ಎರಡನ್ನೂ ಒಟ್ಟಿಗೆ ಹಿಡಿದು ಡಾಕ್ಟರರು, "ಈ ತಾಯೀಗಿ ಒಳಗ ಎಲ್ಲಾ ಉಲ್ಟಾ ಅದ. ಅಪೆಂಡಿಕ್ಸೂ ಎಡಕ್ಕೇ ಇರ್ತದ" ಎಂದರು. ಕೂಡಲೇ ಜೀಪಿನಲ್ಲಿ ಗುಲಬರ್ಗಾಕ್ಕೆ ಕಳಿಸಿದರು. ಮಧ್ಯಾಹ್ನವೇ ಆಪರೇಷನ್ ಆಯಿತು. ಇನ್ನೊಂದು ದಿನ ಬಿಟ್ಟಿದ್ದರೆ ಒಡೆಯುತ್ತಿತ್ತೆಂದು ಅಲ್ಲಿಂದ ಹೇಳಿಕಳಿಸಿದರು.

ಮುಂದಿನ ತಿಂಗಳು ಶರಣಮ್ಮ ಗುಣವಾಗಿ ಬಂದು, ಯಂತ್ರದ ಮೇಲೆ ಕೈಯಿಟ್ಟು ನನಗೆ ಹೇಳಿದರು: "ಈ ಡಬ್ಬಿ ಸಂಶೇ ಬಂದ್ರ ಬರದು ಕೇಳ್ತದ. ನೀವು ನನ್ನ ಒಂದ್ ಮಾತು ಕೇಳಬೇಕಿತ್ತಿಲ್ರಿ?" ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಈಗ ಫಿಲ್ಮು ತೆಗೆಯುವ ಮುಂಚೆ ಎಲ್ಲರನ್ನೂ ಕೇಳುತ್ತೇನೆ, ಹೃದಯ ಯಾವ ಕಡೆ ಎಂದು. ಮೊನ್ನೆ ಒಬ್ಬ ಅಜ್ಜ ಕನಿಕರದಿಂದ, "ಇಷ್ಟು ವರ್ಷದಾಗ ನಿಮಗ ಗೊತ್ತಾಗಿಲ್ಲೇನ್ರಿ?" ಎಂದ.

"ಇಲ್ರಿ" ಎಂದೆ. "ಅದಕ್ಕ ಕೇಳಾಕತ್ತೇನಿ."