ಅರ್ಧ ಟೊಳ್ಳಿನ ಗಿಟಾರಿನ ಬೆನ್ನು ಹತ್ತಿ

ಯಾವುದನ್ನೇ ಕೊಳ್ಳಲು ಹೊರಟರೂ, ಅದರ ಗಂಧಗಾಳಿ ಇಲ್ಲದ ಒಬ್ಬ ಪರಿಣತ ನನ್ನ ಜೊತೆಗೆ ಬಂದೇ ಬರುತ್ತಾನೆ. ಸೈಕಲ್ ಕೊಳ್ಳುವಾಗ ಜೋಯಿಸರು ಬಂದಿದ್ದರು, ಕನ್ನಡಕ ಕೊಳ್ಳುವಾಗ ದರ್ಜಿ ಬಂದಿದ್ದ. ಹಾಗಾಗಿ ಅರವತ್ತರ ದಶಕದಲ್ಲಿ ನಾನೊಂದು ಹಳೆಯ ಕರೆಂಟ್ ಗಿಟಾರಿಗಾಗಿ ಅಲೆದಾಗ ಇಷ್ಟೆಲ್ಲ ಆಯಿತೆಂದರೆ, ನನ್ನನ್ನು ಬಲ್ಲವರಿಗೆ ಅದೇನೂ ಹೊಸದಲ್ಲ.

ಮೇಷ್ಟ್ರ ಅಪ್ಪಣೆ

ಆಗ ನಾನು ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತ. ಸಂಜೆಯಾದರೆ ಮದುವೆ ಮನೆಗಳಲ್ಲಿ ಹಾಡುವ ಒಂದು ವಾದ್ಯಗೋಷ್ಠಿಯಲ್ಲಿ ಗಿಟಾರ್ ಬಾರಿಸುತ್ತಿದ್ದೆ. ತಬಲಾದವನು ಕೈ ಎತ್ತಿದರೆ ಸಾಕು, ನನ್ನ ಬಡಪಾಯಿ ಮರದ ಗಿಟಾರು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಗೋಷ್ಠಿಯ ಯಜಮಾನರಾದ ಹಾರ್ಮೋನಿಯಂ ಮೇಷ್ಟ್ರು ಒಂದು ದಿನ ಕರೆದು ಹೇಳಿದರು: "ನೋಡಯ್ಯಾ, ಮುಂದಿನ ತಿಂಗಳು ಚನ್ನರಾಯಪಟ್ಟಣದಲ್ಲಿ ದೊಡ್ಡ ಮದುವೆ. ಅಷ್ಟರೊಳಗೆ ಕರೆಂಟ್ ಗಿಟಾರ್ ತಂದ್ಯೋ, ಸರಿ. ಇಲ್ಲದಿದ್ರೆ ನಿನ್ನ ಕುರ್ಚಿ ಮ್ಯಾಂಡೋಲಿನ್ನವನಿಗೆ."

ಆ ಕುರ್ಚಿ ಹೋದರೆ ನಾನು ಬರೀ ಗುಮಾಸ್ತ. ಆ ಯೋಚನೆಯಲ್ಲಿ ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಒಂದು ಸುದ್ದಿ ಸಿಕ್ಕಿತು. ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಕೆಂಪು ಬಣ್ಣದ ಗಿಟಾರನ್ನೂ ಅದರ ಸ್ಪೀಕರ್ ಪೆಟ್ಟಿಗೆಯನ್ನೂ ಡ್ರೈವರಿಗೆ ಕೊಟ್ಟು ಹೋಗಿದ್ದನಂತೆ. ಆ ಡ್ರೈವರ್ ಈಗ ಲಾರಿ ಓಡಿಸುತ್ತಿದ್ದ. ಗಿಟಾರೂ ಲಾರಿಯಲ್ಲೇ ಓಡಾಡುತ್ತಿತ್ತು.

ಅದು ಅರ್ಧ ಟೊಳ್ಳಿನ ಗಿಟಾರು. ನಡುವೆ ಗಟ್ಟಿ ಮರ, ಎರಡೂ ಪಕ್ಕ ಟೊಳ್ಳು. ಪೂರ್ತಿ ಟೊಳ್ಳಾದರೆ ಸ್ಪೀಕರ್ ಹತ್ತಿರ ಕೂಗಾಡುತ್ತದೆ. ಪೂರ್ತಿ ಗಟ್ಟಿಯಾದರೆ ಕರೆಂಟ್ ಹೋದ ಕೂಡಲೇ ಬರೀ ಹಲಗೆ. ನಮ್ಮ ಕಡೆ ಕರೆಂಟ್ ಇರುವುದಕ್ಕಿಂತ ಹೋಗುವುದೇ ಹೆಚ್ಚಾದ್ದರಿಂದ ನನಗೆ ಇದೇ ಸರಿ ಎಂದು ಹೆಂಡತಿಗೆ ವಿವರಿಸಿದೆ. ಅವಳು ಕೇಳಿದಳು, "ಅರ್ಧ ಟೊಳ್ಳು ಅಂದ್ರೆ ಅರ್ಧ ದುಡ್ಡು ತಾನೇ?"

ನನ್ನ ಹತ್ತಿರ ಇದ್ದದ್ದು ನೂರೈವತ್ತು. ಡ್ರೈವರ್ ಹೇಳಿದ್ದು ಮುನ್ನೂರು. ಅವಳ ಪ್ರಶ್ನೆಯನ್ನೇ ಅವನಿಗೆ ಹಾಕಿದೆ. ಅವನು ಬೀಡಿ ಆರಿಸಿ ಹೇಳಿದ, "ಸಾ, ಮರ ಗಟ್ಟಿಯಾಗೇ ಉಟ್ತದೆ. ಟೊಳ್ಳು ಮಾಡಾಕೇ ಕೂಲಿ ಜಾಸ್ತಿ."

ಹೊಳೆನರಸೀಪುರದ ಹಿಟ್ಟಿನ ಗಿರಣಿ

ನೋಡದೆ ಕೊಳ್ಳುವುದುಂಟೆ? ಲಾರಿ ಹೊಳೆನರಸೀಪುರದಲ್ಲಿ ನಿಂತಿದೆ ಎಂದು ತಿಳಿದು ಓಡಿದೆ. ಬಾರಿಸಿ ನೋಡಲು ಕರೆಂಟ್ ಬೇಕಲ್ಲ! ಹತ್ತಿರದಲ್ಲಿ ಕರೆಂಟ್ ಇದ್ದದ್ದು ಹಿಟ್ಟಿನ ಗಿರಣಿಯೊಂದರಲ್ಲಿ. ಗಿರಣಿಯವನು ಒಳ್ಳೆಯವನು, ಪ್ಲಗ್ ಕೊಟ್ಟ. ಆದರೆ ರಾಗಿ ಡಬ್ಬಗಳ ಸಾಲು ಬಾಗಿಲಾಚೆಗೂ ಬೆಳೆದಿತ್ತು. "ಮಿಷನ್ ಮಾತ್ರ ನಿಲ್ಸಾಕಾಗಾಕಿಲ್ಲ ಸಾ, ಎಂಗಸ್ರು ಜಗಳಕ್ಕೆ ಬತ್ತಾರೆ" ಅಂದ.

ಮಿಷನ್ನಿನ ಗಡಗಡದಲ್ಲಿ ನಾನು ಅರ್ಧ ಗಂಟೆ ಬಾರಿಸಿದೆ. ಗಿಟಾರ್ ಹೇಗೆ ನುಡಿಯಿತೋ ದೇವರಿಗೇ ಗೊತ್ತು. ಮೈಮೇಲೆಲ್ಲ ಹಿಟ್ಟು ಕೂತು ಬೆಳ್ಳಗಾಗಿ ತಲೆ ಎತ್ತಿದರೆ, ಸಾಲಿನಲ್ಲಿದ್ದ ಒಬ್ಬ ಅಜ್ಜಿ ಗಿಟಾರಿನ ಮೇಲಿನ ಉದ್ದನೆಯ ಕಂಡಿಗೆ ಮೂಗು ಇಟ್ಟು ಮೂಸುತ್ತಿದ್ದಾಳೆ!

"ಏನಜ್ಜಿ?" ಎಂದೆ.

ಅಜ್ಜಿ ತನ್ನ ಡಬ್ಬವನ್ನು ಮುಂದೆ ತಳ್ಳಿ ಕೇಳಿದಳು, "ಇದ್ರಲ್ಲಿ ಮುಂಚೆ ಮೆಣಸಿನ್ಕಾಯಿ ಏನೂ ಆಕಿಲ್ಲ ತಾನೇ? ಇಲ್ದಿದ್ರೆ ನಮ್ದೂ ನಾಕು ಸೇರು ಬೀಸ್ಕೊಟ್ಬುಡು ಮಗಾ, ಅಲ್ಲಿ ಸಾಲು ಕರಗಾಕಿಲ್ಲ."

ಚನ್ನರಾಯಪಟ್ಟಣದ ತೆಂಗಿನ ಮಂಡಿ

ಕಿವಿಗೆ ಕೇಳದ್ದನ್ನು ಕೊಳ್ಳಲು ಧೈರ್ಯವಾಗಲಿಲ್ಲ. ಮುಂದಿನ ವಾರ ಲಾರಿ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ತುಂಬಿಸಿಕೊಳ್ಳುತ್ತಿತ್ತು. ಆ ಮಂಡಿಯ ಸಾಹುಕಾರ ನನ್ನ ಜೊತೆ ಓದಿದವನು. ಕಾಯನ್ನು ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಒಳಗೆ ನೀರೆಷ್ಟು, ತಿರುಳೆಷ್ಟು ಎಂದು ಹೇಳುತ್ತಿದ್ದ. ಇವನ ಕಿವಿಗಿಂತ ಒಳ್ಳೆಯ ಕಿವಿ ಜಿಲ್ಲೆಯಲ್ಲೇ ಇಲ್ಲ ಎಂದುಕೊಂಡು ಗಿಟಾರನ್ನು ಅವನ ಕೈಗೆ ಕೊಟ್ಟೆ. ತಪ್ಪು ನನ್ನದೇ.

ಅವನು ಪಕ್ಕ ತಟ್ಟಿದ. ನಡು ತಟ್ಟಿದ. ಇನ್ನೊಂದು ಪಕ್ಕ ತಟ್ಟಿದ. ಹುಬ್ಬು ಗಂಟಿಕ್ಕಿದ. "ಎಲ್ಡು ಪಕ್ಕ ಒಣಗೈತೆ, ನಡೂಕೆ ಎಳಸು. ಇಂತಾ ಕಾಯಿ ನಾನು ಕಂಡಿಲ್ಲ ಕಣಯ್ಯಾ" ಎಂದ. ಆಮೇಲೆ ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದ. ಒಳಗೆ ಯಾವುದೋ ತಿರುಪು ಸಡಿಲವಾಗಿತ್ತೆಂದು ಕಾಣುತ್ತದೆ, ಲೊಟಲೊಟ ಎಂದಿತು.

ಸಾಹುಕಾರನ ಮುಖ ಅರಳಿತು. "ಗಿಟುಕಾಗೈತೆ ಕಣಯ್ಯಾ! ಕೊಬ್ರಿ ಬಿಟ್ಕಂಡೈತೆ!" ಎಂದವನೇ ಆಳಿನ ಕಡೆ ತಿರುಗಿ ಕೂಗಿದ, "ಲೇ, ಆ ಮಚ್ಚು ತತ್ತಾರ್ಲಾ!"

ಡ್ರೈವರ್ ಗಿಟಾರನ್ನು ಕಿತ್ತುಕೊಂಡು ಲಾರಿ ಹತ್ತಿದವನು ಅರ್ಧ ಲೋಡಿಗೇ ಹೊರಟುಬಿಟ್ಟ. ಸಾಹುಕಾರ ಮಾತ್ರ ಲಾರಿಯ ಹಿಂದೆ ಓಡುತ್ತ ಬುದ್ಧಿ ಹೇಳುತ್ತಲೇ ಇದ್ದ: "ಇವತ್ತೇ ಒಡ್ದು ಮಾರ್ಬುಡಪ್ಪಾ! ನಾಳಿಕ್ಕೆ ರೇಟು ಬಿದ್ದೋಯ್ತದೆ!"

ಅರಕಲಗೂಡಿಗೆ ಬಂದ ವಿದ್ವಾಂಸರು

ಇನ್ನು ಸಂಗೀತ ಬಲ್ಲವರನ್ನೇ ಕರೆದೊಯ್ಯಬೇಕು ಎಂದು ತೀರ್ಮಾನಿಸಿದೆ. ರುದ್ರಪಟ್ಟಣದಲ್ಲಿ ಕಲ್ಲು ಎಸೆದರೆ ವಿದ್ವಾಂಸರ ಮನೆಯ ಮೇಲೇ ಬೀಳುತ್ತದೆ. ಅಲ್ಲಿಂದ ವೀಣೆಯ ಹಿರಿಯರೊಬ್ಬರನ್ನು ಕಾಡಿ ಬೇಡಿ, ಲಾರಿ ನಿಂತಿದ್ದ ಅರಕಲಗೂಡಿಗೆ ಕರೆತಂದೆ. ದಾರಿಯುದ್ದಕ್ಕೂ ಒಂದೇ ಪಾಠ: "ಸ್ವಾಮಿ, ನಾಲ್ಕು ತಪ್ಪು ಹೇಳಿ. ಬೆಲೆ ಇಳೀಬೇಕು."

"ಪರದೇಶಿ ವಾದ್ಯ ತಾನೆ? ನಾಲ್ಕೇನು, ನಲವತ್ತು ಹೇಳ್ತೀನಿ" ಎಂದರು.

ಲಾರಿಯವರು ಇಳಿಯುವ ಹೋಟೆಲಿನ ಜಗಲಿಯ ಮೇಲೆ ಕೂತು, ಗಿಟಾರನ್ನು ವೀಣೆಯಂತೆ ತೊಡೆಯ ಮೇಲೆ ಅಡ್ಡ ಮಲಗಿಸಿದರು. "ವೀಣೆಗಿರೋ ಹಾಗೆ ಮೆಟ್ಟಿಲಿಗೆ ಮೇಣವೇ ಇಲ್ಲ" ಎಂದರು. ಒಂದು ತಪ್ಪು ಸಿಕ್ಕಿತು, ನನಗೆ ಖುಷಿಯಾಯಿತು. ಆಮೇಲೆ ತಂತಿ ಮೀಟಿದರು. ಇನ್ನೊಮ್ಮೆ ಮೀಟಿದರು. ಕಣ್ಣು ಮುಚ್ಚಿದರು. ಅಷ್ಟೇ, ಮುಕ್ಕಾಲು ಗಂಟೆ ತೆರೆಯಲಿಲ್ಲ. ಹೋಟೆಲಿನವನು ಒಲೆ ಮೇಲಿನ ಹಾಲು ಮರೆತ. ಬಸ್ ಹತ್ತಬೇಕಾದವರು ಹತ್ತಲಿಲ್ಲ. ನಾನೂ ಬೆಲೆಯ ಮಾತು ಮರೆತು ಕೂತೆ, ಸುಳ್ಳೇಕೆ ಹೇಳಲಿ.

ಡ್ರೈವರ್ ಟವಲಿನಿಂದ ಕಣ್ಣೊರೆಸಿಕೊಂಡ. "ಇದು ಇಂಗೆ ಮಾತಾಡ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ ಸಾ. ಇನ್ನು ನಾನು ಮಾರಾಕಿಲ್ಲ."

ಹಿಂದಿರುಗುವಾಗ ನಾನು ಸಿಡಿದೆ. "ಏನು ಸ್ವಾಮಿ, ತಪ್ಪು ಹೇಳಿ ಅಂದರೆ ಹೀಗೆ ಮಾಡೋದೇ?"

"ಹುಡುಕ್ತಾನೇ ಇದ್ದೆನಪ್ಪಾ, ಹುಡುಕ್ತಾ ಹುಡುಕ್ತಾ ಮರೆತುಹೋಯ್ತು" ಎಂದರು ಹಿರಿಯರು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದರು, "ಅಂದಹಾಗೆ, ಅವನು ಮನಸ್ಸು ಬದಲಾಯಿಸಿದರೆ ನಿನಗಿಂತ ಮುಂಚೆ ನನಗೆ ಹೇಳ್ತೀಯಾ?"

ಟವಲಿನ ಕೆಳಗಿನ ವ್ಯಾಪಾರ

ಮದುವೆ ಹತ್ತಿರ ಬಂದಂತೆ ನನ್ನ ಕಾಲು ಒಂದೆಡೆ ನಿಲ್ಲದಾಯಿತು. ಮ್ಯಾಂಡೋಲಿನ್ನವನು ಹೊಸ ಪಂಚೆ ಹೊಲಿಗೆಗೆ ಕೊಟ್ಟಿದ್ದಾನೆ ಎಂದು ಯಾರೋ ಹೇಳಿದರು. ಪಂಚೆಗೆ ಹೊಲಿಗೆ ಏಕೆ ಎಂದು ಕೇಳುವಷ್ಟು ಬುದ್ಧಿಯೂ ನನಗಿರಲಿಲ್ಲ. ಅಷ್ಟರಲ್ಲಿ ಡ್ರೈವರೇ ಹೇಳಿ ಕಳುಹಿಸಿದ. ಹದಿನೈದು ದಿನ ತಾನೇ ಬಾರಿಸಿ ನೋಡಿದನಂತೆ, ಗಿಟಾರು ಅವನ ಹತ್ತಿರ ಒಂದು ಮಾತೂ ಆಡಲಿಲ್ಲವಂತೆ. ಮದುವೆಯ ದಿನ ಬೆಳಿಗ್ಗೆ ಮೊಸಳೆ ಎಂಬ ಊರಿನ ತನ್ನ ಮನೆಗೆ ಬರಬೇಕೆಂದ.

ಚೌಕಾಸಿ ನನಗೆ ಒಗ್ಗದ ವಿದ್ಯೆ. ದುದ್ದದಲ್ಲಿ ದನದ ದಲ್ಲಾಳಿಯಾಗಿದ್ದ ನನ್ನ ಸೋದರಮಾವನನ್ನು ಕರೆದುಕೊಂಡು ಹೋದೆ.

ಮಾವ ಗಿಟಾರನ್ನು ಸುತ್ತು ಹಾಕಿ ನೋಡಿದ. ಬೆನ್ನು ಸವರಿದ. "ಮೈಕಟ್ಟು ಚೆಂದಾಗೈತೆ, ಸುಳಿ ಸುದ್ದ ಐತೆ" ಎಂದ. "ಮಾವ, ಬೆಲೆ ಮಾತಾಡು" ಎಂದೆ. "ಬಾಯಲ್ಲಿ ಬೆಲೆ ಆಡೋದು ನಮ್ಮ ಕಸುಬಲ್ಲ ಕಣ್ಲಾ, ಸುಮ್ಕಿರು" ಎಂದು ಗದರಿಸಿ, ಡ್ರೈವರನ ಕೈ ಹಿಡಿದು ಮೇಲೊಂದು ಟವಲ್ ಹೊದಿಸಿದ. ದನದ ಸಂತೆಯಲ್ಲಿ ಹೀಗೇ ಬೆರಳು ಒತ್ತಿ ಬೆಲೆ ಕುದುರಿಸುತ್ತಾರೆ. ಟವಲ್ ಒಳಗೆ ಏನೇನೋ ಅಲುಗಾಡಿತು. ಡ್ರೈವರ್ ಒಮ್ಮೆ ನಕ್ಕ, ಒಮ್ಮೆ ಹಲ್ಲು ಕಚ್ಚಿದ, ಕೊನೆಗೆ ನಿಟ್ಟುಸಿರು ಬಿಟ್ಟ. ಮಾವ ಟವಲ್ ತೆಗೆದು ಹೇಳಿದ, "ನೂರೈವತ್ತಕ್ಕೆ ನಿಂದಾಯ್ತು, ಇಡ್ಕಂಡೋಗು."

ಮಾವನ ಕಾಲಿಗೆ ಬೀಳಬೇಕೆನಿಸಿತು. ಬಿದ್ದು ಏಳುವಷ್ಟರಲ್ಲಿ ಡ್ರೈವರನ ತಾಯಿ ಒಳಗಿನಿಂದ ಬಂದಳು. "ಟವಲ್ ಆಕಿ ಯಾಪಾರ ಮಾಡಿದ್ಮೇಲೆ ಅದು ದನದ ಯಾಪಾರವೇ. ದನ ಕೊಟ್ಟೋರು ಕತ್ತಿನ ಅಗ್ಗಾನೂ ಕೊಡ್ತಾರಾ? ಮನೆ ಲಕ್ಸ್ಮಿ ಓಯ್ತಾಳೆ. ಬಿಚ್ಕಳ್ಲಾ ಮಗಾ."

ಡ್ರೈವರ್ ಮುಖ ಸಣ್ಣದು ಮಾಡಿಕೊಂಡು ಇಕ್ಕಳ ತಂದ. ನನ್ನ ಕಣ್ಣೆದುರಿಗೇ ಆರೂ ತಂತಿ ಬಿಚ್ಚಿ, ಸುತ್ತಿ, ತಾಯಿಯ ಕೈಗಿಟ್ಟ.

"ಮಾವಾ, ತಂತಿ ಇಲ್ಲದೆ ಹೇಗೆ ಬಾರಿಸಲಿ! ಸಂಜೆ ಮದುವೆ!" ಎಂದು ಕಿರುಚಿದೆ.

ಮಾವ ತಾಯಿಯ ಕಡೆಗೇ ತಲೆಯಾಡಿಸಿದ. "ಆಯಮ್ಮ ಏಳೋದು ನ್ಯಾಯ ಕಣ್ಲಾ. ಅಗ್ಗ ನಾವೇ ತರ್ಬೇಕಿತ್ತು."

ನನ್ನ ಹಳೆಯ ಗಿಟಾರಿನ ನೈಲಾನ್ ತಂತಿ ಕರೆಂಟಿಗೆ ಒಗ್ಗದು, ಹಾಸನದಲ್ಲೆಲ್ಲ ಹುಡುಕಿದೆ. ಅಂಥ ತಂತಿ ಮೈಸೂರಿನಿಂದ ಬರಬೇಕು, ನಾಲ್ಕು ದಿನ ಆಗುತ್ತದೆ ಎಂದರು. ಅಳುವುದೊಂದು ಬಾಕಿ. ಬೇರೆ ದಾರಿಯಿಲ್ಲದೆ ಚನ್ನರಾಯಪಟ್ಟಣದ ಆರತಕ್ಷತೆಗೆ ಹೋಗಿ, ಯಾರೂ ಹತ್ತಿರ ಬರುವ ಮುಂಚೆ ಕುರ್ಚಿ ಹಿಡಿದು ಕೂತೆ. ದೀಪದ ಬೆಳಕಿಗೆ ಕೆಂಪು ಗಿಟಾರು ಥಳಥಳ ಹೊಳೆಯಿತು. ಬರಿಯ ಮರದ ಮೇಲೆ ಎರಡು ಗಂಟೆ ಬೆರಳಾಡಿಸಿದೆ. ತಲೆಯನ್ನೂ ಆಡಿಸಿದೆ. ಬೆವರು ಮಾತ್ರ ನಿಜವಾಗಿಯೂ ಸುರಿಯಿತು. ಮುಗಿದ ಮೇಲೆ ಹೆಣ್ಣಿನ ತಂದೆ ಬಂದು ಎಲ್ಲರನ್ನೂ ಬಿಟ್ಟು ನನ್ನ ಕೊರಳಿಗೇ ಹಾರ ಹಾಕಿದರು. "ಎಲ್ರಿಗಿಂತ ಬೋ ಸೊಗಸು ನಿಮ್ದೇ ಸಾ" ಎಂದರು.

ಅವರು ಹೋಗುತ್ತಲೇ ಮೇಷ್ಟ್ರು ಬಂದರು. ಕನ್ನಡಕ ಏರಿಸಿ ಗಿಟಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ತಂತಿ ಎಲ್ಲಯ್ಯಾ?" ಎಂದರು. ಮುಚ್ಚಿಡಲಾಗಲಿಲ್ಲ, ಟವಲಿನಿಂದ ಹಿಡಿದು ಎಲ್ಲವನ್ನೂ ಹೇಳಿ ತಲೆ ತಗ್ಗಿಸಿ ನಿಂತೆ. ಕುರ್ಚಿ ಹೋಯಿತು ಎಂದೇ ಲೆಕ್ಕ.

ಮೇಷ್ಟ್ರು ನನ್ನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು, "ಇಷ್ಟು ವರ್ಷದಲ್ಲಿ ನಿನ್ನಿಂದ ಒಂದೂ ಅಪಸ್ವರ ಬಾರದೇ ಇದ್ದದ್ದು ಇವತ್ತೇ ಕಣಯ್ಯಾ. ಕುರ್ಚಿ ನಿನಗೇ ಖಾಯಂ. ಒಂದೇ ಒಂದು ಷರತ್ತು. ತಂತಿ ಮಾತ್ರ ಹಾಕಿಸಬೇಡ."